ಅಪ್ಪ ತೆಗೆಯದ ಸಾಲ ಅಪ್ಪನ ಹೆಸರಿಗೆ ಹೇಗೆ ಬಂತು?

ಪ್ರಶ್ನೆ: ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಅಪ್ಪನಿಗೆ 61 ವರ್ಷ. ಐದು ಎಕರೆ ಹೊಲ ಇದೆ, ತೊಗರಿ ಹಾಕುತ್ತೇವೆ. ಬೆಳೆಸಾಲ ಕೇಳಲು ಬ್ಯಾಂಕಿಗೆ ಹೋದರೆ, 'ನಿಮ್ಮ ಹೆಸರಲ್ಲಿ 38 ಸಾವಿರದ ಮೊಬೈಲ್ ಸಾಲ ಇದೆ, ಕಂತು ಕಟ್ಟಿಲ್ಲ, ಸಿಬಿಲ್ ಕೆಟ್ಟಿದೆ' ಎಂದರಂತೆ. ಅಪ್ಪನ ಹತ್ತಿರ ಇರುವುದು ಬಟನ್ ಫೋನು. ಈಗ ವಸೂಲಿಯವರು ರಾತ್ರಿ ಒಂಬತ್ತಕ್ಕೆ ಅಪ್ಪನಿಗೂ ನನಗೂ ಫೋನ್ ಮಾಡುತ್ತಿದ್ದಾರೆ. ಪುಣೆಯಲ್ಲಿರುವ ಅಣ್ಣ 'ಕಟ್ಟಿ ಮುಗಿಸೋಣ, ಊರಲ್ಲಿ ಮರ್ಯಾದೆ ಉಳಿಯುತ್ತೆ' ಅನ್ನುತ್ತಾನೆ. ಅವ್ವ ಹೆಬ್ಬಟ್ಟು ಕೊಟ್ಟು ಗೃಹಲಕ್ಷ್ಮಿ ಹಣ ತೆಗೆಯುತ್ತಾಳೆ, ಈಗ ಅವಳಿಗೂ ಹೆದರಿಕೆ. ಇದು ಹೇಗಾಯಿತು? ಈಗ ಏನು ಮಾಡಬೇಕು? ಉಳಿದವರನ್ನು ಹೇಗೆ ಕಾಪಾಡಿಕೊಳ್ಳುವುದು?
— ಹೆಸರು ಬೇಡ, ಆಳಂದ ತಾಲ್ಲೂಕು

ಉತ್ತರ: ತಂಗಿ, ಮೊದಲು ಪುಣೆಗೆ ಫೋನ್ ಮಾಡಿ. ಒಂದು ರೂಪಾಯಿಯನ್ನೂ ಕಟ್ಟಬೇಡ ಎಂದು ಅಣ್ಣನಿಗೆ ಹೇಳಿ.

ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಬ್ಯಾಂಕಿನ ಹಳ್ಳಿ ಶಾಖೆಗಳಲ್ಲಿ, ಬೀದರ್ ಕಡೆ ಕೆಲವು ವರ್ಷ, ಕಲಬುರಗಿ ಕಡೆ ಕೆಲವು ವರ್ಷ ಕೂತವನು ನಾನು. ಮರ್ಯಾದೆಗೆ ಹೆದರಿ ಮಾಡದ ಸಾಲ ಕಟ್ಟಿದವರನ್ನು ಕಣ್ಣಾರೆ ನೋಡಿದ್ದೇನೆ. ಕಟ್ಟಿದ ಮೇಲೆ ಆಗುವುದು ಏನು ಗೊತ್ತೇ? ಒಂದು ಕಂತು ಕಟ್ಟಿದರೂ ಸಾಲ ನನ್ನದೇ ಎಂದು ಒಪ್ಪಿಕೊಂಡ ಹಾಗೆ ಕಾಣುತ್ತದೆ. ಆಮೇಲೆ ಪೊಲೀಸರ ಮುಂದೆ 'ನಾನು ತೆಗೆದೇ ಇಲ್ಲ' ಅಂದರೆ 'ಮತ್ತೆ ಯಾಕೆ ಕಟ್ಟಿದ್ರಿ?' ಎಂಬ ಪ್ರಶ್ನೆ ಬರುತ್ತದೆ. ಇನ್ನು ವಸೂಲಿಯವರು 'ಅರ್ಧ ಕಟ್ಟಿ, ಸೆಟಲ್ಮೆಂಟ್ ಮಾಡಿಕೊಡ್ತೀವಿ' ಎನ್ನುತ್ತಾರೆ. ಆಗ ವರದಿಯಲ್ಲಿ 'ಸೆಟಲ್ಡ್' ಎಂದು ಬೀಳುತ್ತದೆ. ಬ್ಯಾಂಕಿನವರ ಕಣ್ಣಿಗೆ ಅದು ಪೂರ್ತಿ ತೀರಿಸಿದ ಸಾಲವಲ್ಲ, ಅರ್ಧ ಮುಳುಗಿಸಿದ ಸಾಲ. ಹಣವೂ ಹೋಯಿತು, ಸಿಬಿಲ್ಲೂ ಸರಿಯಾಗಲಿಲ್ಲ. ಅಪ್ಪನ ಕಾಗದ ಯಾರ ಕೈಯಲ್ಲಿದೆಯೋ ಅವರಿಗೆ ಇನ್ನೊಂದು ಸಾಲ ಎತ್ತಲು ಅಡ್ಡಿಯೂ ಇಲ್ಲ.

ರಾತ್ರಿ ಫೋನಿನ ವಿಷಯ ಇಲ್ಲೇ ಮುಗಿಸುತ್ತೇನೆ. ಆರ್‌ಬಿಐ 2022ರ ಆಗಸ್ಟ್‌ನಲ್ಲೇ ಹೇಳಿದೆ: ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಸಾಲಗಾರನ ಮನೆಯವರನ್ನು, ಬಂಧು ಬಳಗದವರನ್ನು ಕಾಡುವ ಹಾಗೂ ಇಲ್ಲ. ಕರೆ ಬಂದ ದಿನ, ಸಮಯ, ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. 'ಈ ಸಾಲ ನಾವು ತೆಗೆದಿಲ್ಲ, ದೂರು ಕೊಟ್ಟಿದ್ದೇವೆ, ಏನಿದ್ದರೂ ಬರವಣಿಗೆಯಲ್ಲಿ ಕಳಿಸಿ' ಎಂದಷ್ಟೇ ಹೇಳಿ ಫೋನ್ ಇಡಿ. ವಾದ ಬೇಡ, ಬೈಗುಳವಂತೂ ಬೇಡವೇ ಬೇಡ. ಆ ನೋಟ್‌ಬುಕ್ ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಮುಖ್ಯ ಕೆಲಸ. ಅಪ್ಪನ ಕ್ರೆಡಿಟ್ ವರದಿ, ಅಂದರೆ ಅವರ ಹೆಸರಲ್ಲಿರುವ ಸಾಲ, ಕಂತುಗಳ ದಾಖಲೆ ತೆಗೆಸಿ. ನಾವೆಲ್ಲ 'ಸಿಬಿಲ್' ಎಂದು ಒಂದೇ ಹೆಸರು ಹೇಳುತ್ತೇವೆ. ಆದರೆ ಇಂಥ ಲೆಕ್ಕ ಇಡುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಇದು ಆರ್‌ಬಿಐ ನಿಯಮ. ನಾಲ್ಕನ್ನೂ ತೆಗೆಸಿ, ಏಕೆಂದರೆ ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಕಾಣಬಹುದು. 'ನೂರು ರೂಪಾಯಿಗೆ ಸಿಬಿಲ್ ತೆಗೆದುಕೊಡ್ತೀನಿ' ಎಂದು ಆಧಾರ್, ಪಾನ್ ಎರಡನ್ನೂ ಕೇಳುವ ಅಂಗಡಿಗೆ ಮಾತ್ರ ಹೋಗಬೇಡಿ. ಈ ಕೆಲಸ ನೀವೇ ಕೂತು ಮಾಡಬಹುದು.

ವರದಿ ಬಂದಾಗ ಎಲ್ಲರೂ ಮೊದಲು ಅಂಕ ನೋಡುತ್ತಾರೆ. ನೀವು ಅದನ್ನು ಬಿಟ್ಟುಬಿಡಿ. ಮೂರು ಜಾಗ ನೋಡಿ. ಒಂದು, ಸಾಲದ ವಿವರ: ಕೊಟ್ಟವರು ಯಾರು, ಯಾವ ದಿನ, ಖಾತೆ ನಂಬರ್ ಏನು. ಎರಡು, ಅಪ್ಪನ ಹೆಸರಿನ ಕೆಳಗಿರುವ ವಿಳಾಸ ಮತ್ತು ಮೊಬೈಲ್ ನಂಬರ್‌ಗಳು. ಅಲ್ಲಿ ನಿಮ್ಮದಲ್ಲದ ಒಂದು ನಂಬರ್, ನೀವು ಎಂದೂ ಕೇಳದ ಒಂದು ಓಣಿಯ ಹೆಸರು ಸಿಕ್ಕರೆ ಆಶ್ಚರ್ಯ ಪಡಬೇಡಿ. ಕಳ್ಳ ಬಿಟ್ಟುಹೋದ ಹೆಜ್ಜೆ ಅದು. ಮೂರು, 'ಎನ್‌ಕ್ವೈರಿ' ಎಂಬ ಭಾಗ. ಅಪ್ಪನ ಹೆಸರಲ್ಲಿ ಯಾರು ಯಾರು ಯಾವಾಗ ಸಾಲ ಕೇಳಿದ್ದಾರೆ ಎಂಬುದು ಅಲ್ಲಿರುತ್ತದೆ, ಸಾಲ ಸಿಗದಿದ್ದರೂ ಸರಿ. ಒಂದೇ ವಾರದಲ್ಲಿ ನಾಲ್ಕೈದು ಕಡೆ ಕೇಳಿದ್ದು ಕಂಡರೆ, ಕಾಗದ ಇನ್ನೂ ಓಡಾಡುತ್ತಿದೆ ಎಂದು ತಿಳಿಯಿರಿ.

ಆಮೇಲೆ ಸಾಲ ಕೊಟ್ಟ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಇಮೇಲ್ ಒಂದು, ರಿಜಿಸ್ಟರ್ಡ್ ಪೋಸ್ಟ್ ಒಂದು. 'ಸಾಲ ನನ್ನದಲ್ಲ' ಎಂದು ಬರೆದು ಸುಮ್ಮನಾದರೆ ಸಾಲದು. ಇವಿಷ್ಟನ್ನೂ ಕೇಳಿ: ಸಾಲದ ಅರ್ಜಿಯ ಪ್ರತಿ, ಅದರ ಜೊತೆ ಕೊಟ್ಟ ಆಧಾರ್ ಮತ್ತು ಪಾನ್ ಪ್ರತಿ, ಸಾಲ ತೆಗೆದವರ ಫೋಟೊ, ಒಟಿಪಿ ಹೋದ ಮೊಬೈಲ್ ನಂಬರ್, ಕಂತು ಕಡಿತಕ್ಕೆ ಕೊಟ್ಟ ಬ್ಯಾಂಕ್ ಖಾತೆ, ಮೊಬೈಲ್ ಮಾರಿದ ಅಂಗಡಿಯ ಬಿಲ್ಲು. ಬಿಲ್ಲಿನ ಮೇಲೆ ಫೋನಿನ ಐಎಂಇಐ ನಂಬರ್ ಇರುತ್ತದೆ. 15 ಅಂಕಿಯ ಆ ನಂಬರ್ ಪೊಲೀಸರಿಗೆ ಸಿಕ್ಕರೆ, ಆ ಫೋನಿನಲ್ಲಿ ಇವತ್ತು ಯಾರ ಸಿಮ್ ಓಡುತ್ತಿದೆ ಎಂದು ಹುಡುಕಬಹುದು. ಒಂದು ರೀತಿಯಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ನಗದು ಸಾಲವಾಗಿದ್ದರೆ ಹಣ ನಾಲ್ಕು ಖಾತೆ ದಾಟಿ ಕರಗಿಹೋಗಿರುತ್ತಿತ್ತು. ಮೊಬೈಲ್ ಅಂದರೆ ಅದು ಯಾರದೋ ಜೇಬಲ್ಲಿ ರಿಂಗ್ ಆಗುತ್ತಲೇ ಇರುತ್ತದೆ.

ಅದೇ ವಾರ ಕ್ರೆಡಿಟ್ ಕಂಪನಿಗಳಲ್ಲೂ 'ಡಿಸ್ಪ್ಯೂಟ್', ಅಂದರೆ ತಪ್ಪು ದಾಖಲೆಗೆ ಆಕ್ಷೇಪ ಹಾಕಿ. 30 ದಿನದೊಳಗೆ ಸರಿಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು ಎಂದು ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಈ ನಿಯಮವನ್ನು ನಿಮ್ಮ ದೂರಿನಲ್ಲೇ ಬರೆಯಿರಿ. ನಿಯಮ ಗೊತ್ತಿರುವವರ ಪತ್ರಕ್ಕೆ ಉತ್ತರ ಬೇಗ ಬರುತ್ತದೆ, ಇದು ನನ್ನ ಅನುಭವ. ಸಾಲ ಕೊಟ್ಟವರು 30 ದಿನ ಕಳೆದರೂ ಉತ್ತರ ಕೊಡದಿದ್ದರೆ ಅಥವಾ ಹಾರಿಕೆ ಉತ್ತರ ಕೊಟ್ಟರೆ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಆನ್‌ಲೈನ್‌ನಲ್ಲೇ ಆಗುತ್ತದೆ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

ಇನ್ನು ಪೊಲೀಸ್. ಖಾತೆಯಿಂದ ಹಣ ಈಗ ತಾನೇ ಹೋಗಿದ್ದರೆ ಯೋಚನೆ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಮೊದಲ ಒಂದೆರಡು ಗಂಟೆಯಲ್ಲಿ ಮಾಡಿದರೆ ಹಣ ಮುಂದಿನ ಖಾತೆಯಲ್ಲೇ ನಿಂತುಬಿಡುವ ಸಾಧ್ಯತೆ ಜಾಸ್ತಿ. ನಿಮ್ಮದು ಹಳೆಯ ಸಾಲವಾದ್ದರಿಂದ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲಿ ದೂರು ಹಾಕಿ, ಅದರ ಪ್ರತಿ ತೆಗೆದುಕೊಂಡು ಕಲಬುರಗಿಯ ಸೆನ್ ಠಾಣೆಗೆ ಹೋಗಿ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ ಇರುವ ಠಾಣೆ ಅದು. ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಬೇರೆಯವರಂತೆ ನಟಿಸಿ ಮೋಸ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮು ಇದೆ. 'ಅಂಗಡಿ ಬೇರೆ ಜಿಲ್ಲೆಯದು, ಅಲ್ಲೇ ಹೋಗ್ರಿ' ಎಂದು ಯಾವ ಠಾಣೆಯವರಾದರೂ ಹೇಳಿದರೆ, ಝೀರೋ ಎಫ್‌ಐಆರ್ ಬರೆದುಕೊಳ್ಳಿ ಎಂದು ಮೆತ್ತಗೆ ಕೇಳಿ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು ಎಂಬುದು 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಸ್ವೀಕೃತಿ ಪ್ರತಿ ಇಲ್ಲದೆ ಠಾಣೆಯಿಂದ ಎದ್ದು ಬರಬೇಡಿ. ಆ ಪ್ರತಿಯೇ ಬೆಳೆಸಾಲದ ಮ್ಯಾನೇಜರ್ ಮುಂದೆ ಇಡುವ ಕಾಗದ.

ಇದು ಹೇಗಾಯಿತು ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ, ನಮ್ಮ ಕಡೆ ಗುರುತಿನ ಕಳ್ಳತನ ಎಂದರೆ ಎಲ್ಲೋ ಕತ್ತಲ ಕೋಣೆಯಲ್ಲಿ ಕೂತು ಕಂಪ್ಯೂಟರ್ ಒಡೆಯುವುದಲ್ಲ. ನಾವೇ ನಮ್ಮ ಕೈಯಾರೆ ಕೊಟ್ಟ ಜೆರಾಕ್ಸ್, ನಾವೇ ಒತ್ತಿದ ಹೆಬ್ಬಟ್ಟು. ಅದೂ ಬಹಳ ಸಲ 'ಸಹಾಯ ಮಾಡ್ತೀನಿ ಕಾಕಾ' ಎಂದು ಬಂದವರ ಕೈಗೆ.

ಯೋಚನೆ ಮಾಡಿ ನೋಡಿ, ಕಳೆದ ಎರಡು ವರ್ಷದಲ್ಲಿ ನಿಮ್ಮ ಅಪ್ಪ ಆಧಾರ್ ಜೆರಾಕ್ಸ್ ಎಷ್ಟು ಕಡೆ ಕೊಟ್ಟಿದ್ದಾರೆ? ಬೆಳೆವಿಮೆಗೆ ಒಂದು, ಬೆಳೆ ಪರಿಹಾರಕ್ಕೆ ಒಂದು, ಪಹಣಿ ಜೋಡಣೆಗೆ ಒಂದು, ರೇಷನ್ ಕಾರ್ಡಿಗೆ ಒಂದು, ತೊಗರಿ ಖರೀದಿ ಕೇಂದ್ರದಲ್ಲಿ ಹೆಸರು ಹಚ್ಚಲು ಒಂದು, ಗೊಬ್ಬರಕ್ಕೆ ಒಂದು. ಮೊಮ್ಮಕ್ಕಳ 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಪ್ರಮಾಣಪತ್ರದ ಫೈಲಿಗೆ ಇನ್ನೊಂದು. ಲಾಡ್ಜಿನಲ್ಲಿ, ಸಿಮ್ ಅಂಗಡಿಯಲ್ಲಿ, ಊರಿಗೆ ಬಂದ ಯಾವುದೋ ಕ್ಯಾಂಪಿನಲ್ಲಿ. ಬಹಳ ಕಡೆ 'ಎರಡು ಪ್ರತಿ ಕೊಡ್ರಿ, ಒಂದು ಇರಲಿ' ಎನ್ನುತ್ತಾರೆ. ಆ 'ಇರಲಿ' ಎನ್ನುವ ಪ್ರತಿ ಎಲ್ಲಿ ಇರುತ್ತದೆ? ಯಾರಿಗೂ ಗೊತ್ತಿಲ್ಲ. ಎಷ್ಟೋ ಸಲ ಭಜಿ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ಆಧಾರ್ ನೋಡಿದ್ದೇನೆ. ಎಣ್ಣೆ ಕಲೆಯ ಕೆಳಗೆ ಹನ್ನೆರಡೂ ಅಂಕಿ ಸ್ವಚ್ಛವಾಗಿ ಕಾಣುತ್ತಿದ್ದವು.

ಒಂದು ಹಳೆಯ ತಮಾಷೆ ನೆನಪಾಗುತ್ತದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ದುರುಪಯೋಗ ಆಗಬಹುದು ಎಂದು. ಜನ ಗಾಬರಿಯಾದರು. ತಪ್ಪು ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂದು ಮೇ 29ಕ್ಕೆ ಅದನ್ನು ವಾಪಸ್ ತೆಗೆದುಕೊಂಡರು. ಪ್ರಕಟಣೆ ವಾಪಸ್ ಹೋಯಿತು ಸರಿ, ಆದರೆ ಅದರಲ್ಲಿ ಹೇಳಿದ ಉಪಾಯ ಇವತ್ತಿಗೂ ಒಳ್ಳೆಯದೇ. ಅದು ಮಾಸ್ಕ್ ಮಾಡಿದ ಆಧಾರ್. ಮೈ ಆಧಾರ್ ಜಾಲತಾಣದಲ್ಲಿ ಇಳಿಸಿಕೊಳ್ಳುವಾಗ 'ಮಾಸ್ಕ್ಡ್' ಎಂದು ಆರಿಸಿದರೆ ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಬರುತ್ತದೆ. ಲಾಡ್ಜಿಗೆ, ಬಾಡಿಗೆ ಮನೆಗೆ, ಕೊರಿಯರ್‌ಗೆ ಅಷ್ಟು ಸಾಕು.

ಪೂರ್ತಿ ಪ್ರತಿಯೇ ಬೇಕು ಎಂದು ಹಟ ಹಿಡಿಯುವ ಕಡೆ ಒಂದು ಪೆನ್ನು ಸಾಕು. ಜೆರಾಕ್ಸಿನ ಮೇಲೆ ಅಡ್ಡಲಾಗಿ ಬರೆಯಿರಿ: 'ಬೆಳೆವಿಮೆಗೆ ಮಾತ್ರ', ಕೆಳಗೆ ತಾರೀಖು, ಸಹಿ. ಮೂಲೆಯಲ್ಲಿ ಸಣ್ಣದಾಗಿ ಬರೆದರೆ ಕತ್ತರಿಸಿ ಹಾಕಿ ಇನ್ನೊಂದು ಜೆರಾಕ್ಸ್ ಮಾಡುತ್ತಾರೆ. ಫೋಟೊ ಅಂಚನ್ನೂ ಅಕ್ಷರಗಳನ್ನೂ ಹಾಯ್ದು ಹೋಗುವಂತೆ ಬರೆಯಬೇಕು, ನಂಬರ್ ಓದಲು ಬರುವಷ್ಟು ಬಿಟ್ಟರೆ ಸಾಕು. ಕೌಂಟರಿನವರು ಮುಖ ಸಿಂಡರಿಸಬಹುದು, ತಿರಸ್ಕರಿಸಿದ್ದನ್ನು ಮಾತ್ರ ನಾನು ನೋಡಿಲ್ಲ. ನನ್ನ ಹತ್ತಿರ ಒಬ್ಬ ಮುತ್ಯಾ ಬರುತ್ತಿದ್ದರು. ಓದು ಬರಹ ಇಲ್ಲ. ಆದರೆ ಪ್ರತಿ ಜೆರಾಕ್ಸಿನ ಮೇಲೂ ಮೊಮ್ಮಗಳ ಕೈಯಿಂದ ಬರೆಸಿಕೊಂಡೇ ಬರುತ್ತಿದ್ದರು. 'ಎಮ್ಮಿಗೆ ಬರೆ ಹಾಕ್ದಂಗ ಸಾಹೇಬ್ರ, ಯಾರ ದೊಡ್ಡಿಗೆ ಹೋದ್ರೂ ನಂದಂತ ಗೊತ್ತಾಗ್ಬೇಕು' ಎನ್ನುತ್ತಿದ್ದರು.

ಜೆರಾಕ್ಸ್ ಅಂಗಡಿಯದೇ ಇನ್ನೊಂದು ಕತೆ. ಈಗ ಯಾರೂ ಕಾರ್ಡ್ ತೆಗೆದುಕೊಂಡು ಹೋಗುವುದಿಲ್ಲ, ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸುತ್ತಾರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವುದೇ ಪ್ರಿಂಟ್ ಅಂಗಡಿಯ ಕಂಪ್ಯೂಟರ್ ಪರದೆ ಒಮ್ಮೆ ನೋಡಿ. ಇಡೀ ಊರಿನ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ಅದರಲ್ಲಿ ಸಾಲಾಗಿ ನಿಂತಿರುತ್ತವೆ. ಅಂಗಡಿಯವನು ಒಳ್ಳೆಯವನೇ ಇರಬಹುದು, ಆದರೆ ಆ ಕಂಪ್ಯೂಟರ್ ಮುಂದೆ ಕೂರುವವರು ಎಷ್ಟು ಜನ! ಕಳಿಸಲೇಬೇಕಾದರೆ ಪ್ರಿಂಟ್ ಆದ ತಕ್ಷಣ 'ಡಿಲೀಟ್ ಫಾರ್ ಎವೆರಿವನ್' ಒತ್ತಿ, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಿಂದಲೂ ಅಳಿಸಲು ಅವನ ಎದುರಿಗೇ ನಿಂತು ಹೇಳಿ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಅಷ್ಟೇ. ನಿಮ್ಮನ್ನು ಬಲ್ಲ ಯಾರಿಗಾದರೂ ಅದು ಗೊತ್ತಿರುತ್ತದೆ.

ಇನ್ನು ಸಿಮ್. ಇದರಲ್ಲಿ ನಾನೇ ಬಿದ್ದವನು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ರಸ್ತೆ ಬದಿ ಕೊಡೆ ಹಾಕಿಕೊಂಡು ಕೂತ ಹುಡುಗನ ಹತ್ತಿರ ಹೆಂಡತಿಗೆ ಸಿಮ್ ಕೊಂಡೆ, ನನ್ನ ಹೆಸರಲ್ಲಿ. ಹೆಬ್ಬಟ್ಟು ಇಟ್ಟೆ. 'ಸರಿ ಬೀಳ್ಲಿಲ್ರಿ ಸರ್, ಇನ್ನೊಂದ್ಸಲ' ಎಂದ. ಇನ್ನೊಂದು ಸಲ ಇಟ್ಟೆ. ಬಿಸಿಲಿಗೆ ಬೆವರಿದ ಕೈ, ಹಾಗಾಗಿರಬೇಕು ಎಂದುಕೊಂಡೆ. ನಮ್ಮ ಹೆಸರಿನ ಸಿಮ್‌ಗಳನ್ನು ತೋರಿಸುವ ಸಂಚಾರ್ ಸಾಥಿ ಬಂದ ಮೇಲೆ ಸುಮ್ನೆ ನೋಡೋಣ ಎಂದು ನೋಡಿದರೆ ನನ್ನ ಹೆಸರಲ್ಲಿ ನಾನು ಕಾಣದ ಎರಡು ನಂಬರ್! ಮೊದಲ ಹೆಬ್ಬಟ್ಟಿಗೆ ಹೆಂಡತಿಯ ಸಿಮ್, ಎರಡನೆಯದಕ್ಕೆ ಇನ್ನೊಂದು. ಮೂರನೆಯದು ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಊರಿಗೆಲ್ಲ ಬುದ್ಧಿ ಹೇಳುವ ಬ್ಯಾಂಕಿನ ಮನುಷ್ಯ ನಾನು. ಮನೆಯಲ್ಲಿ ಹೇಳಲು ನಾಚಿಕೆಯಾಗಿ ಎರಡು ದಿನ ಸುಮ್ಮನಿದ್ದೆ.

ಸಂಚಾರ್ ಸಾಥಿ ಎಂದರೆ ದೂರಸಂಪರ್ಕ ಇಲಾಖೆ 2023ರ ಮೇನಲ್ಲಿ ಶುರು ಮಾಡಿದ ಜಾಲತಾಣ. ಅಪ್ಪನ ಬಟನ್ ಫೋನು ಇದ್ದರೆ ಸಾಕು. ನಿಮ್ಮ ಮೊಬೈಲಿನಲ್ಲಿ ಜಾಲತಾಣ ತೆರೆಯಿರಿ, ಅಪ್ಪನ ನಂಬರ್ ಹಾಕಿ, ಅವರ ಫೋನಿಗೆ ಬಂದ ಒಟಿಪಿ ಹಾಕಿ. ಅವರ ಹೆಸರಲ್ಲಿರುವ ಎಲ್ಲ ನಂಬರ್‌ಗಳೂ ಬರುತ್ತವೆ. ಗೊತ್ತಿಲ್ಲದ್ದರ ಮುಂದೆ 'ನನ್ನ ನಂಬರ್ ಅಲ್ಲ' ಎಂದು ಆರಿಸಿ ವರದಿ ಮಾಡಿ. ಒಬ್ಬರ ಹೆಸರಲ್ಲಿ ಒಂಬತ್ತು ಸಿಮ್‌ವರೆಗೆ ಇರಬಹುದು. ಮೋಸದಿಂದ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಇದನ್ನು ಇವತ್ತೇ ಮಾಡಿ. ನಿಮ್ಮ ಅಪ್ಪನ ಮೊಬೈಲ್ ಸಾಲದ ಒಟಿಪಿ ಹೋಗಿದ್ದು ಇಂಥದ್ದೇ ಒಂದು ಸಿಮ್ಮಿಗೆ ಇರಬಹುದು. ಹಾಗಾಗಿದ್ದರೆ ಅವರ ಬಟನ್ ಫೋನು ಒಂದು ಸಲವೂ ರಿಂಗ್ ಆಗದೆ ಎಲ್ಲ ಮುಗಿದಿರುತ್ತದೆ.

ನಂಬರ್ ಬಗ್ಗೆ ಇನ್ನೊಂದು ಮಾತು. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ನಮ್ಮ ಹುಡುಗರು ಆಫರ್ ಬಂದ ಹಾಗೆ ಸಿಮ್ ಬದಲಿಸುತ್ತಾರೆ. ಹಳೆಯದು ಬ್ಯಾಂಕಿಗೆ, ಆಧಾರ್‌ಗೆ ಜೋಡಿಸಿದ್ದು ಹಾಗೇ ಉಳಿಯುತ್ತದೆ. ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ಅಂದರೆ ಅಣ್ಣನ ಬ್ಯಾಂಕ್ ಒಟಿಪಿ ಯಾರೋ ಅಪರಿಚಿತರ ಫೋನಿಗೆ. ಸಿಮ್ ಬಿಡುವ ಮೊದಲು ಬ್ಯಾಂಕಿನಲ್ಲಿ, ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿಕೊಳ್ಳಲು ಅಣ್ಣನಿಗೆ ಹೇಳಿ. ಮುಕಾದಮನೋ ಗುತ್ತೇದಾರನೋ 'ಪಗಾರಕ್ಕೆ ಖಾತೆ ತೆಗಿತೀನಿ' ಎಂದು ಆಧಾರ್, ಪಾನ್ ಎರಡನ್ನೂ ಇಸಿದುಕೊಂಡರೆ, ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡ್ ಅಣ್ಣನ ಕೈಗೆ ಬರುವ ತನಕ ಬಿಡಬಾರದು. ಆ ಖಾತೆಯಲ್ಲಿ ಮೋಸದ ಹಣ ಓಡಾಡಿದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೇ. ಕೂಲಿ ಮಾಡುವವರ ಪಾನ್ ಮೇಲೆ ಜಿಎಸ್‌ಟಿ ನೋಂದಣಿ ಮಾಡಿಸಿ ಲಕ್ಷಾಂತರ ವಹಿವಾಟು ತೋರಿಸುವುದೂ ಉಂಟು. ಜಿಎಸ್‌ಟಿ ಜಾಲತಾಣದಲ್ಲಿ 'ಸರ್ಚ್ ಬೈ ಪಾನ್' ಎಂಬಲ್ಲಿ ಮನೆಯ ಪ್ರತಿಯೊಬ್ಬರ ಪಾನ್ ಹಾಕಿ ನೋಡಿ, ಲಾಗಿನ್ ಕೂಡ ಬೇಕಿಲ್ಲ.

ಈಗ ಅವ್ವನ ಹೆಬ್ಬಟ್ಟು. ಇದಕ್ಕೆ ಸುಲಭದ ಉತ್ತರ ಇಲ್ಲ.

ಹೆಬ್ಬಟ್ಟು ಕೊಟ್ಟು ಹಣ ತೆಗೆಯುವ ವ್ಯವಸ್ಥೆಗೆ ಎಇಪಿಎಸ್ ಎನ್ನುತ್ತಾರೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಹಣ ಬರುತ್ತದೆ. ಒಟಿಪಿ ಇಲ್ಲ, ಪಿನ್ ಇಲ್ಲ. ಒಂದು ಸಲಕ್ಕೆ 10 ಸಾವಿರದವರೆಗೆ ತೆಗೆಯಬಹುದು. ಓದು ಬಾರದವರಿಗೆ ಇದರಿಂದ ಆದ ಉಪಕಾರ ದೊಡ್ಡದು. 20 ಕಿಲೋಮೀಟರ್ ದೂರದ ಬ್ಯಾಂಕಿಗೆ ಒಂದು ದಿನದ ಕೂಲಿ ಬಿಟ್ಟು ಬರುತ್ತಿದ್ದ ಆಯಿಗಳನ್ನು ನೋಡಿದವನು ನಾನು, ಅದನ್ನು ಹಗುರಾಗಿ ಬಯ್ಯಲಾರೆ. ಆದರೆ ಬೆರಳಚ್ಚನ್ನು ಪಾಸ್‌ವರ್ಡಿನ ಹಾಗೆ ಬದಲಿಸಲು ಬರುವುದಿಲ್ಲ. ಆಸ್ತಿ ನೋಂದಣಿ ಪತ್ರದಲ್ಲಿದ್ದ ಬೆರಳಚ್ಚನ್ನು ಎತ್ತಿ, ನಕಲಿ ಬೆರಳು ಮಾಡಿ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೇ ಬಯಲಾದವು. ಹಳ್ಳಿಯಲ್ಲಿ ಅಷ್ಟು ಕಷ್ಟ ಯಾರೂ ಪಡುವುದಿಲ್ಲ. 'ಸರ್ವರ್ ಡೌನ್ ಐತಿ, ಇನ್ನೊಂದ್ಸಲ ಇಡಬೇ' ಎಂದರೆ ಆಯಿತು. ಎರಡು ಸಲ ಹಣ ಹೋಗುತ್ತದೆ, ಕೈಗೆ ಒಂದೇ ಸಲದ್ದು ಬರುತ್ತದೆ.

ಬೆರಳಿಗೆ ಬೀಗ ಹಾಕುವ ದಾರಿ ಇದೆ. ಮೈ ಆಧಾರ್‌ನಲ್ಲಿ 'ಬಯೋಮೆಟ್ರಿಕ್ ಲಾಕ್' ಒತ್ತಿದರೆ ಬೆರಳು, ಕಣ್ಣು, ಮುಖ ಯಾವುದೂ ನಡೆಯುವುದಿಲ್ಲ. ಬೇಕಾದಾಗ ಹತ್ತು ನಿಮಿಷಕ್ಕೆ ತೆರೆಯಬಹುದು, ಮತ್ತೆ ತಾನೇ ಮುಚ್ಚಿಕೊಳ್ಳುತ್ತದೆ. ಪೇಟೆಯ ತಜ್ಞರು 'ಎಲ್ಲರೂ ಲಾಕ್ ಮಾಡಿ' ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಲ್ಲ. ಲಾಕ್ ಮಾಡಿದ ಅವ್ವ ಅಕ್ಕಿ ತರಲು ಹೋದರೆ ಮಶೀನು ತಗೊಳ್ಳುವುದಿಲ್ಲ, ಲಾಕ್ ತೆಗೆಯಲು ಮಗಳು ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾಳೆ. ಹಾಗಾಗಿ ನಾನು ಹೇಳುವುದು ಇಷ್ಟು. ರೇಷನ್‌ಗೆ ಕಾರ್ಡಿನಲ್ಲಿರುವ ಯಾರಾದರೂ ಒಬ್ಬರು ಬೆರಳು ಕೊಟ್ಟರೆ ಸಾಕು. ಆ ಒಬ್ಬರು ಯಾರು ಎಂದು ಮನೆಯಲ್ಲಿ ಗೊತ್ತು ಮಾಡಿಕೊಳ್ಳಿ. ಅವರ ಖಾತೆಯಲ್ಲಿ ಜಾಸ್ತಿ ಹಣ ಇರಬಾರದು. ಉಳಿದ ಎಲ್ಲರ ಬೆರಳಿಗೂ ಬೀಗ. ಮುಖ್ಯವಾಗಿ ಅಪ್ಪನದು, ತೊಗರಿ ಮಾರಿದ ಹಣ ಬರುವುದು ಅವರ ಖಾತೆಗೇ ಅಲ್ವಾ? ಅಷ್ಟೇ ಅಲ್ಲ, ಆ ಖಾತೆಗೆ ಎಇಪಿಎಸ್ ಬೇಡ, ನಿಲ್ಲಿಸಿ ಎಂದು ಶಾಖೆಯಲ್ಲಿ ಅರ್ಜಿ ಕೊಟ್ಟು ಕೇಳಿ.

ಅವ್ವ ಬೆರಳು ಇಡುವಾಗ ಎರಡೇ ಅಭ್ಯಾಸ ಸಾಕು. ಮಶೀನಿನಿಂದ ಚೀಟಿ ಬರದೆ ಎರಡನೇ ಸಲ ಬೆರಳು ಇಡಬಾರದು, ಮೊದಲ ಸಲದ್ದು ಫೇಲ್ ಆಗಿದ್ದರೂ ಅದಕ್ಕೆ ಚೀಟಿ ಕೇಳಬೇಕು. ಮತ್ತೆ, ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಬೇಕು. ಖಾತೆಗೆ ಜೋಡಿಸಿದ ನಂಬರ್ ನಿಮ್ಮದೋ ಅವ್ವನದೋ ಆಗಿರಲಿ, ಏಜೆಂಟನದಂತೂ ಬೇಡ. ನಗಬೇಡಿ, ಹತ್ತಾರು ಮಂದಿಯ ಖಾತೆಗೆ ತನ್ನದೇ ನಂಬರ್ ಹಾಕಿಕೊಂಡವನನ್ನು ನೋಡಿದ್ದೇನೆ. ಎಸ್‌ಎಂಎಸ್ ಎಲ್ಲ ಅವನ ಫೋನಿಗೇ ಬರುತ್ತಿತ್ತು. ಮೈ ಆಧಾರ್‌ನಲ್ಲಿ 'ಅಥೆಂಟಿಕೇಶನ್ ಹಿಸ್ಟರಿ' ಎಂಬುದೂ ಇದೆ. ಕಳೆದ ಆರು ತಿಂಗಳಲ್ಲಿ ಯಾವ ದಿನ, ಯಾವ ಸಂಸ್ಥೆ, ಬೆರಳಿನಿಂದಲೋ ಒಟಿಪಿಯಿಂದಲೋ ಆಧಾರ್ ಬಳಸಿದೆ ಎಂದು ತೋರಿಸುತ್ತದೆ. ಅಪ್ಪನದನ್ನು ಇಳಿಸಿಕೊಂಡು ಪೊಲೀಸ್ ದೂರಿಗೆ ಲಗತ್ತಿಸಿ, ತಡ ಮಾಡಿದರೆ ಹಳೆಯ ದಾಖಲೆ ಅಲ್ಲಿ ಸಿಗುವುದಿಲ್ಲ.

ಹಣ ಹೋದರೆ ಮೂರು ದಿನದ ಲೆಕ್ಕ ನೆನಪಿರಲಿ. 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರದು ಎಂದಾದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರು 10 ಸಾವಿರದವರೆಗೆ ಹೊರಬೇಕಾಗಬಹುದು, ಝೀರೋ ಬ್ಯಾಲೆನ್ಸ್ ಖಾತೆಯವರು 5 ಸಾವಿರದವರೆಗೆ. ಏಳು ದಿನ ದಾಟಿದರೆ ಬ್ಯಾಂಕಿನ ನೀತಿ ಹೇಳಿದಂತೆ. ಒಟಿಪಿಯನ್ನು ನಾವೇ ಹೇಳಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ನಮ್ಮ ಮನೆಗಳಲ್ಲಿ ಈ ಮೂರು ದಿನ ಹಾಳಾಗುವುದು ಬೈಗುಳಕ್ಕೆ ಹೆದರಿ. 'ಮಗ ಬೈತಾನ' ಎಂದು ಅವ್ವ ಬಾಯಿ ಬಿಡುವುದಿಲ್ಲ, ವಾರ ಕಳೆಯುತ್ತದೆ. ನಾನೇ ಎರಡು ದಿನ ಮುಚ್ಚಿಟ್ಟವನು ಎಂದು ಹೇಳಿದೆನಲ್ಲ.

ಫೋನಿಗೆ ಬರುವ ಲಗ್ನಪತ್ರಿಕೆಗಳ ಬಗ್ಗೆ ಚಿಕ್ಕದಾಗಿ. ವಾಟ್ಸಾಪ್‌ನಲ್ಲಿ ಬಂದ ಫೈಲಿನ ಹೆಸರು 'ಎಪಿಕೆ' ಎಂದು ಮುಗಿದಿದ್ದರೆ ಅದು ಪತ್ರಿಕೆಯಲ್ಲ, ನಿಮ್ಮ ಎಸ್‌ಎಂಎಸ್ ಓದುವ ಆಪ್. ಪಿಎಂ ಕಿಸಾನ್, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲೂ ಬರುತ್ತದೆ. ಕಳಿಸಿದವರು ಸ್ವಂತ ಸೋದರಮಾವ ಆದರೂ ತೆರೆಯಬೇಡಿ. ಅವರ ಫೋನು ಆಗಲೇ ಹೋಗಿರುತ್ತದೆ, ಮಾವನಿಗೆ ಗೊತ್ತೇ ಇರುವುದಿಲ್ಲ. ನೆಟ್‌ವರ್ಕ್ ಒಮ್ಮೆಲೇ ಹೋಗಿ ಅಕ್ಕಪಕ್ಕದವರದ್ದೆಲ್ಲ ಸರಿಯಿದ್ದರೆ, ನಿಮ್ಮ ನಂಬರಿಗೆ ಯಾರೋ ಇನ್ನೊಂದು ಸಿಮ್ ಎತ್ತಿರಬಹುದು. ಕಂಪನಿಗೂ ಬ್ಯಾಂಕಿಗೂ ಬೇರೆ ಫೋನಿನಿಂದ ಆಗಲೇ ಹೇಳಿ. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಪಾಸ್‌ಬುಕ್ಕಿನ ಹಿಂದೆ ಇರುವುದನ್ನೇ ಬಳಸಿ.

ಕೊನೆಗೆ, ಸಾಲ ಕೊಟ್ಟ ಕಂಪನಿ ಅರ್ಜಿಯ ಪ್ರತಿ ಕಳಿಸುತ್ತದಲ್ಲ, ಅದು ಬಂದ ದಿನ ಅಪ್ಪನ ಜೊತೆ ಸಮಾಧಾನವಾಗಿ ಕೂತು ಆಧಾರ್ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿ. ಜೆರಾಕ್ಸಿನ ಮೇಲೆ ಗುರುತುಗಳಿರುತ್ತವೆ. ಸ್ಟೇಪಲ್ ಹೊಡೆದ ತೂತು, ಮಡಿಚಿದ ಗೆರೆ, ಅರ್ಧ ಬಿದ್ದ ಯಾವುದೋ ಸೀಲು, ಅಂಗಡಿಯ ಮಶೀನು ಬಿಡುವ ಕಪ್ಪು ಪಟ್ಟಿ. 'ಅಪ್ಪಾ, ಇದು ಯಾರಿಗೆ ಕೊಟ್ಟಿದ್ದೆ?' ಎಂದು ಕೇಳಿ. ಒಟಿಪಿ ಯಾರಿಗಾದರೂ ಹೇಳಿದ್ದರೇ ಎಂಬುದನ್ನೂ ಆಗಲೇ ಕೇಳಿ, ಬಯ್ಯದೆ. ಹೊಲದ ಬದು ಸರಿದಿದ್ದು ಗೇಣಿನ ಲೆಕ್ಕದಲ್ಲಿ ಗುರುತು ಹಿಡಿಯುವ ಮನುಷ್ಯ ಅವರು. ಆ ಕಾಗದ ಯಾವ ಅಂಗಡಿಯದು, ಯಾವ ಕ್ಯಾಂಪಿನದು ಎಂದು ಪೊಲೀಸರಿಗಿಂತ ಮೊದಲು ಅವರೇ ಹೇಳಿಬಿಡಬಹುದು. ಹೇಳಿದ ಹೆಸರು ಪರಿಚಯದವರದೇ ಆಗಿದ್ದರೂ ಜಗಳಕ್ಕೆ ಹೋಗಬೇಡಿ. ದೂರಿನ ನಂಬರ್ ಹಾಕಿ, ಆ ಮಾತನ್ನು ಠಾಣೆಗೆ ಬರೆದುಕೊಡಿ.